ಝೆಡ್7ರ ಮೂರನೇ ಪೀಳಿಗೆಗೆ ಕಾಯಬೇಕೆ?

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ಸ್ಟುಡಿಯೊ ನಡೆಸುತ್ತಿದ್ದೇನೆ. ಈಗಲೂ ನಿಕಾನ್ ಡಿ750 ಕ್ಯಾಮೆರಾದಲ್ಲೇ ಕೆಲಸ. ಮದುವೆ, ಉಪನಯನಗಳ ಸೀಸನ್ ಮುಗಿದ ಮೇಲೆ ಮಂಡಗದ್ದೆಯ ಹಕ್ಕಿಗಳು, ಕುಂದಾದ್ರಿ, ಜೋಗ ಎಂದು ಸುತ್ತುವ ಹವ್ಯಾಸವೂ ಇದೆ. ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮ್‌ನಷ್ಟು ದೊಡ್ಡ ಸೆನ್ಸರ್‌ನ) ಮಿರರ್‌ಲೆಸ್‌ಗೆ (ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾಗೆ) ಬದಲಾಗಬೇಕೆಂದಿದ್ದೇನೆ. ನಿಕಾನ್ ಝೆಡ್7ರ ಹೊಸ ಮಾಡೆಲ್ ಇನ್ನೇನು ಬಂತು ಎಂಬ ಸುದ್ದಿಯನ್ನು ಕೇಳುತ್ತಲೇ ಇದ್ದೇನೆ, ಕ್ಯಾಮೆರಾ ಮಾತ್ರ ಬಂದಿಲ್ಲ. ಕಾಯಲೇ, ಇರುವುದರಲ್ಲೇ ಒಂದನ್ನು ಕೊಳ್ಳಲೇ?

ಉತ್ತರ: ಶಿವಮೊಗ್ಗ, ಸಾಗರ, ಕೊಪ್ಪದ ಕಡೆಯ ಓದುಗರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿರುವುದು ಇದೇ ಪ್ರಶ್ನೆಯನ್ನು. ಮದುವೆಯ ಕೆಲಸಕ್ಕಾಗಲಿ ಹಕ್ಕಿಗಳಿಗಾಗಲಿ ಕಾಯಬೇಕಾಗಿಲ್ಲ ಎಂಬುದು ನನ್ನ ಉತ್ತರ. ನಿಸರ್ಗದೃಶ್ಯಗಳ ವಿಷಯದಲ್ಲಿ ಮಾತ್ರ ಕಾಯುವುದಕ್ಕೆ ಒಂದಿಷ್ಟು ಅರ್ಥವಿದೆ, ಅಲ್ಲಿಯೂ ಬೇರೆ ದಾರಿ ಇದೆ. ಹೀಗೇಕೆ ಎಂಬುದು ತಿಳಿಯಬೇಕಾದರೆ ನಿಕಾನ್ ತನ್ನ ಝೆಡ್ ಸಾಲನ್ನು ಹೇಗೆ ಕಟ್ಟುತ್ತ ಬಂದಿದೆ, ಅದರಲ್ಲಿ ಎಲ್ಲೆಲ್ಲಿ ಜಾಗ ಖಾಲಿ ಬಿಟ್ಟಿದೆ ಎಂಬುದನ್ನು ನೋಡಬೇಕಾಗುತ್ತದೆ.

2018ರ ಆಗಸ್ಟ್‌ನಲ್ಲಿ ಝೆಡ್6 ಮತ್ತು ಝೆಡ್7 ಒಟ್ಟಿಗೇ ಪ್ರಕಟವಾದವು. ಹೊರಗಿನ ಬಾಡಿ ಹೆಚ್ಚುಕಡಿಮೆ ಒಂದೇ ಆಗಿದ್ದು, ಒಂದರೊಳಗೆ 24.5 ಮೆಗಾಪಿಕ್ಸೆಲ್‌ನ ಸೆನ್ಸರ್, ಇನ್ನೊಂದರೊಳಗೆ 45.7 ಮೆಗಾಪಿಕ್ಸೆಲ್‌ನ ಸೆನ್ಸರ್ ಇತ್ತು. 2020ರ ಜುಲೈನಲ್ಲಿ ಕಡಿಮೆ ಬೆಲೆಯ ಝೆಡ್5, ಅಕ್ಟೋಬರ್‌ನಲ್ಲಿ ಮೊದಲಿನ ಎರಡೂ ಕ್ಯಾಮೆರಾಗಳ ಎರಡನೇ ಪೀಳಿಗೆ, 2021ರ ಅಕ್ಟೋಬರ್‌ನಲ್ಲಿ ಝೆಡ್9, 2023ರ ಮೇ ತಿಂಗಳಲ್ಲಿ ಝೆಡ್8, ಸೆಪ್ಟೆಂಬರ್‌ನಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾಗಳ ರೂಪದ ಝೆಡ್‌ಎಫ್ ಬಂದವು. ಝೆಡ್6ರ ಮೂರನೇ ಪೀಳಿಗೆ 2024ರ ಜೂನ್‌ನಲ್ಲಿ, ಝೆಡ್5ರ ಎರಡನೇ ಪೀಳಿಗೆ 2025ರ ಏಪ್ರಿಲ್‌ನಲ್ಲಿ ಬಂದವು. ಮುಂದಿನ ಮಾತಿನಲ್ಲಿ ಇವನ್ನು ಝೆಡ್6-3, ಝೆಡ್5-2 ಎಂದು ಕರೆಯುತ್ತೇನೆ. ಹೀಗೆ ಅಕ್ಕಪಕ್ಕದವೆಲ್ಲ ಹೊಸದಾಗುತ್ತಿರುವಾಗ ಝೆಡ್7-2 ಮಾತ್ರ 2020ರ ಅಕ್ಟೋಬರ್‌ನಲ್ಲಿ ನಿಂತಲ್ಲೇ ನಿಂತಿದೆ. ಐದು ವರ್ಷ ಕಳೆದರೂ ಅದರ ಉತ್ತರಾಧಿಕಾರಿ ಕಾಣಿಸಿಕೊಂಡಿಲ್ಲ.

ಈ ಖಾಲಿ ಜಾಗಕ್ಕೆ ಕಾರಣ ಸೆನ್ಸರ್‌ನ ಒಳಗಿದೆ. ಝೆಡ್7ರ ಸೆನ್ಸರ್ 2017ರ ಡಿ850 ಎಂಬ ಕನ್ನಡಿಯಿರುವ ಕ್ಯಾಮೆರಾದ ಸೆನ್ಸರ್‌ಗೆ ಹತ್ತಿರದ ಸಂಬಂಧಿ. ಚಿತ್ರದ ಗುಣದಲ್ಲಿ ಇವತ್ತಿಗೂ ಅದಕ್ಕೆ ಕೊರತೆಯಿಲ್ಲ, ಆದರೆ ಓದುವುದು ನಿಧಾನ. ಸೆನ್ಸರ್ ತನ್ನ ಮೇಲೆ ಬಿದ್ದ ಬೆಳಕನ್ನು ಒಂದೇ ಏಟಿಗೆ ಓದುವುದಿಲ್ಲ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಝೆಡ್7-2ರಲ್ಲಿ ಈ ಓದು ಮುಗಿಯಲು ಸುಮಾರು 1/15 ಸೆಕೆಂಡ್ ಬೇಕು. ಅಷ್ಟರಲ್ಲಿ ಮಿಂಚುಳ್ಳಿಯೊಂದು ರೆಕ್ಕೆ ಬಡಿದಿರುತ್ತದೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ (ಅಂದರೆ ಪರದೆ ಚಲಿಸದೆ ಸೆನ್ಸರ್‌ನ ಓದಿನಿಂದಲೇ) ತೆಗೆದರೆ ಆ ರೆಕ್ಕೆ ಬಾಗಿ ಸೊಟ್ಟಗೆ ಬಂದಿರುತ್ತದೆ. ಝೆಡ್9 ಮತ್ತು ಝೆಡ್8ರಲ್ಲಿ ಪಿಕ್ಸೆಲ್‌ಗಳ ಪದರದ ಕೆಳಗೇ ಮೆಮೊರಿಯ ಪದರವನ್ನೂ ಜೋಡಿಸಿರುವ ಸ್ಟ್ಯಾಕ್ಡ್ ಸೆನ್ಸರ್ ಇದೆ. ಮೆಗಾಪಿಕ್ಸೆಲ್ ಅಷ್ಟೇ, 45.7, ಓದುವ ವೇಗ ಮಾತ್ರ ಸುಮಾರು 1/270 ಸೆಕೆಂಡ್. ಯಾಂತ್ರಿಕ ಶಟರ್ ಇಲ್ಲದೆಯೇ ಈ ಎರಡು ಕ್ಯಾಮೆರಾಗಳು ಬದುಕುವುದು ಆ ವೇಗದ ಬಲದಿಂದ. ಝೆಡ್6-3ರದ್ದು ಮಧ್ಯದ ದಾರಿ: ಸೆನ್ಸರ್‌ನ ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ ಮಾತ್ರ ವೇಗದ ಸರ್ಕ್ಯೂಟ್‌ಗಳನ್ನು ಸೇರಿಸಿ ಪಾರ್ಶಿಯಲಿ ಸ್ಟ್ಯಾಕ್ಡ್ ಎಂದು ಕರೆದಿದ್ದಾರೆ.

ಈಗ ಕಂಪನಿಯ ಜಾಗದಲ್ಲಿ ನಿಂತು ಯೋಚಿಸಿ. 45.7 ಮೆಗಾಪಿಕ್ಸೆಲ್ ಬೇಕೆನ್ನುವವರಿಗೆ ಝೆಡ್8 ಇದೆ, ಅದು ಬಂದ ಮೇಲೆ ರಿಯಾಯಿತಿಗಳೂ ಆಗಾಗ ಬಂದಿವೆ. ಝೆಡ್7-3 ಕೂರಬೇಕಾದ ಸೀಟಿಗೆ ಝೆಡ್8 ಆಗಲೇ ಟವೆಲ್ ಹಾಕಿಬಿಟ್ಟಿದೆ. ಹಳೆಯ ನಿಧಾನದ ಸೆನ್ಸರ್‌ಗೆ ಹೊಸ ಎಕ್ಸ್‌ಪೀಡ್ 7 ಪ್ರೊಸೆಸರ್ ಜೋಡಿಸಿ ಒಂದು ಝೆಡ್7-3 ಮಾಡುವುದು ತಾಂತ್ರಿಕವಾಗಿ ಕಷ್ಟದ ಕೆಲಸವೇನಲ್ಲ. ವೇಗದ ಸೆನ್ಸರ್ ಇಲ್ಲದ ಝೆಡ್‌ಎಫ್ ಮತ್ತು ಝೆಡ್5-2ರಲ್ಲಿ ಆ ಪ್ರೊಸೆಸರ್ ಒಂದರಿಂದಲೇ ಫೋಕಸ್ ಎಷ್ಟು ಸುಧಾರಿಸಬಹುದು ಎಂಬುದನ್ನು ನಿಕಾನ್ ತೋರಿಸಿಯೂ ಇದೆ. ಆದರೆ ಅಂಥ ಕ್ಯಾಮೆರಾ ಮಾರುಕಟ್ಟೆಗೆ ಬಂದರೆ ಝೆಡ್8ರ ಗಿರಾಕಿಗಳಲ್ಲಿ ಒಂದು ಪಾಲನ್ನು ಕಡಿಮೆ ಬೆಲೆಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಝೆಡ್7-3 ಎಂಬುದು ಬರುವುದೇ ಆದರೆ ಅದಕ್ಕೆ ಝೆಡ್8ರಲ್ಲಿ ಇಲ್ಲದ ಏನಾದರೂ ಇರಬೇಕು, ಬಹುಶಃ 60ರ ಆಚೆಈಚೆಯ ಮೆಗಾಪಿಕ್ಸೆಲ್ ಇರಬೇಕು ಎಂಬುದು ನನ್ನ ಊಹೆ. ಸೋನಿ 2019ರಲ್ಲಿಯೇ ಎ7ಆರ್‌ನ ನಾಲ್ಕನೇ ಪೀಳಿಗೆಯಲ್ಲಿ 61 ಮೆಗಾಪಿಕ್ಸೆಲ್ ಮುಟ್ಟಿತ್ತು. 2012ರಲ್ಲಿ ಡಿ800ರ 36.3 ಮೆಗಾಪಿಕ್ಸೆಲ್‌ಗಳಿಂದ ಎಲ್ಲರ ಹುಬ್ಬೇರಿಸಿದ್ದ ನಿಕಾನ್, 2017ರಿಂದ 45.7ರಲ್ಲೇ ಕೂತಿರುವುದು ವಿಚಿತ್ರವೇ. ಇದು ನಿಕಾನ್ ಒಂದರ ಕಥೆಯೂ ಅಲ್ಲ: 2015ರಲ್ಲಿ 50.6 ಮೆಗಾಪಿಕ್ಸೆಲ್‌ನ 5ಡಿಎಸ್ ಆರ್ ಕೊಟ್ಟಿದ್ದ ಕ್ಯಾನನ್, ತನ್ನ ಮಿರರ್‌ಲೆಸ್ ಸಾಲಿನಲ್ಲಿ 2018ರಿಂದ 2025ರವರೆಗೆ 45ನ್ನು ದಾಟಲಿಲ್ಲ.

ನಿಮ್ಮ ಸ್ಟುಡಿಯೊಗೆ ಬರೋಣ. ನೀವು ಗಿರಾಕಿಗೆ ಕೊಡುವ ಆಲ್ಬಮ್ 12 ಇಂಚು ಎತ್ತರ, ಬಿಡಿಸಿದಾಗ 36 ಇಂಚು ಅಗಲದ್ದು ಎಂದಿಟ್ಟುಕೊಳ್ಳಿ. 24.5 ಮೆಗಾಪಿಕ್ಸೆಲ್ ಚಿತ್ರದ ಅಳತೆ 6048 ಅಡ್ಡ, 4032 ಉದ್ದ. ಒಂದು ಪುಟಕ್ಕೆ, ಅಂದರೆ 18 ಇಂಚಿಗೆ, ಒಂದು ಅಡ್ಡ ಚಿತ್ರ ಹಾಕಿದರೆ ಇಂಚಿಗೆ 336 ಪಿಕ್ಸೆಲ್ ಸಿಗುತ್ತದೆ. ಲ್ಯಾಬ್‌ನವರು ಕೇಳುವ 300ಕ್ಕಿಂತ ಇದು ಹೆಚ್ಚೇ. ಎರಡೂ ಪುಟಗಳಿಗೆ ಹರಡಿ ಒಂದೇ ಚಿತ್ರ ಹಾಕಿದಾಗ ಮಾತ್ರ ಇದು 168ಕ್ಕೆ ಇಳಿಯುತ್ತದೆ, 45.7 ಮೆಗಾಪಿಕ್ಸೆಲ್‌ನಲ್ಲಿ 229 ಇರುತ್ತದೆ. ಕೈಯಳತೆಯ ದೂರದಲ್ಲಿ ಮಡಿಲಲ್ಲಿಟ್ಟು ನೋಡುವ ಆಲ್ಬಮ್‌ನಲ್ಲಿ ಈ ವ್ಯತ್ಯಾಸವನ್ನು ಗುರುತಿಸುವ ಬೀಗರು ಯಾರೂ ಇರಲಾರರು. ಅದೂ ಅಲ್ಲದೆ ಒಂದು ಮದುವೆಯ ಸಾವಿರಾರು ಚಿತ್ರಗಳನ್ನು 45.7 ಮೆಗಾಪಿಕ್ಸೆಲ್‌ನ ರಾ ಫೈಲುಗಳಾಗಿ (ಸೆನ್ಸರ್ ಕೊಟ್ಟ ಮಾಹಿತಿ ಹಾಗೆಯೇ ಇರುವ ದೊಡ್ಡ ಫೈಲುಗಳಾಗಿ) ಇಟ್ಟುಕೊಂಡರೆ ಹಾರ್ಡ್‌ಡಿಸ್ಕ್‌ಗೂ ಎಡಿಟಿಂಗ್‌ಗೂ ಬೀಳುವ ಹೊರೆ ಪ್ರತಿ ಸೀಸನ್‌ನಲ್ಲಿ ಮರಳಿ ಬರುವ ಖರ್ಚು.

ಮದುವೆಯ ಕೆಲಸದಲ್ಲಿ ಮೆಗಾಪಿಕ್ಸೆಲ್‌ಗಿಂತ ಹೆಚ್ಚು ಕಾಡುವುದು ಮಂಟಪದ ಬೆಳಕು. ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿಣುಕುತ್ತಿರುತ್ತವೆ. ನಿಧಾನವಾಗಿ ಓದುವ ಸೆನ್ಸರ್‌ನಲ್ಲಿ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ವಧುವಿನ ಮುಖದ ಮೇಲೆ ಅಡ್ಡ ಪಟ್ಟೆಗಳು ಬೀಳಬಹುದು. ಝೆಡ್5-2ರಲ್ಲಿ ಯಾಂತ್ರಿಕ ಶಟರನ್ನೇ ಬಳಸಿದರೆ ಈ ತೊಂದರೆ ಬಹಳಷ್ಟು ತಗ್ಗುತ್ತದೆ. ಸದ್ದಾಗುತ್ತದೆ ಎನ್ನುವಿರಾದರೆ, ಗಟ್ಟಿಮೇಳದ ನಡುವೆ ಶಟರ್‌ನ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಡಿ750ರಲ್ಲಿರುವಂತೆಯೇ ಝೆಡ್5-2ರಲ್ಲಿ ಎರಡೂ ಸ್ಲಾಟ್‌ಗಳು ಎಸ್‌ಡಿ ಕಾರ್ಡಿನವು. ನಿಮ್ಮಲ್ಲಿರುವ ಕಾರ್ಡುಗಳು ಹಾಗೆಯೇ ನಡೆಯುತ್ತವೆ. ಝೆಡ್6-3 ಮತ್ತು ಝೆಡ್8ರಲ್ಲಿ ಒಂದು ಸ್ಲಾಟ್ ಸಿಎಫ್‌ಎಕ್ಸ್‌ಪ್ರೆಸ್ ಎಂಬ ಬೇರೆ ಬಗೆಯ ಕಾರ್ಡಿನದು, ಅದರ ಕಾರ್ಡು ಮತ್ತು ರೀಡರ್‌ನ ಬೆಲೆಯನ್ನು ಬಜೆಟ್‌ಗೆ ಈಗಲೇ ಸೇರಿಸಿಕೊಳ್ಳಬೇಕು. ವಿಡಿಯೊ ಆರ್ಡರುಗಳೂ ನಿಮ್ಮವೇ ಆಗಿದ್ದರೆ ಝೆಡ್6-3ಕ್ಕೆ ಹೆಚ್ಚಿನ ಹಣ ಕೊಡುವುದು ಸರಿ. ಬರೀ ಫೋಟೊ ಆದರೆ ಝೆಡ್5-2 ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆನ್ಸ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ನಿಕಾನ್ ಲೆನ್ಸ್‌ಗಳನ್ನು ಝೆಡ್ ಬಾಡಿಗೆ ಕೂರಿಸುವ ಎಫ್‌ಟಿಝೆಡ್ ಅಡಾಪ್ಟರ್ ಹಾಕಿದರೆ ಒಳಗೆ ಮೋಟಾರ್ ಇರುವ ನಿಮ್ಮ ಎಎಫ್-ಎಸ್ ಲೆನ್ಸ್‌ಗಳು ಝೆಡ್ ಬಾಡಿಯಲ್ಲಿ ಆಟೊಫೋಕಸ್ ಸಹಿತ ಕೆಲಸ ಮಾಡುತ್ತವೆ. ಆದರೆ ಎಎಫ್-ಡಿ ಸರಣಿಯ 50 ಮಿ.ಮೀ., 85 ಮಿ.ಮೀ. ಲೆನ್ಸ್‌ಗಳು ಡಿ750ರ ಬಾಡಿಯಲ್ಲಿದ್ದ ಮೋಟಾರಿನಿಂದ ಫೋಕಸ್ ಆಗುತ್ತಿದ್ದಂಥವು. ಅಡಾಪ್ಟರ್‌ನಲ್ಲಿ ಆ ಮೋಟಾರ್ ಇಲ್ಲ, ಕೈಯಿಂದಲೇ ತಿರುಗಿಸಬೇಕು. ಊರಿನ ಸ್ಟುಡಿಯೊಗಳ ಬೀರುಗಳಲ್ಲಿ ಇಂಥ ಲೆನ್ಸ್‌ಗಳು ಇನ್ನೂ ಇರುವುದರಿಂದ, ನಿಕಾನ್ ಮೋಟಾರ್ ಇರುವ ಅಡಾಪ್ಟರ್ ಕೊಡದಿರುವುದು ಯಾವ ಬಾಡಿಯ ಕೊರತೆಗಿಂತಲೂ ದೊಡ್ಡ ಕೊರತೆ ಎಂದು ನನಗನಿಸುತ್ತದೆ.

ಇನ್ನು ಮಂಡಗದ್ದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ದೂರ ಹೆಚ್ಚು, ಬೆಳಕು ಕಡಿಮೆ. ಹೆಚ್ಚು ಮೆಗಾಪಿಕ್ಸೆಲ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಚಿತ್ರದ ನಡುಭಾಗವನ್ನು ಡಿಎಕ್ಸ್ ಅಳತೆಗೆ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ ಅಳತೆಗೆ) ಕತ್ತರಿಸಿದಾಗ ಝೆಡ್8ರಲ್ಲಿ ಸುಮಾರು 19 ಮೆಗಾಪಿಕ್ಸೆಲ್ ಉಳಿಯುತ್ತದೆ, 24.5 ಮೆಗಾಪಿಕ್ಸೆಲ್‌ನ ಕ್ಯಾಮೆರಾದಲ್ಲಿ ಹತ್ತೂವರೆ ಮಾತ್ರ. ಹಾಗಿದ್ದೂ ಇದಕ್ಕಾಗಿ ಝೆಡ್7-3ಕ್ಕೆ ಕಾಯುವುದರಲ್ಲಿ ಲಾಭವಿಲ್ಲ. ಹಾರುವ ಹಕ್ಕಿಗೆ ವೇಗದ ಸೆನ್ಸರ್ ಬೇಕು, ಅದು ಝೆಡ್8ರಲ್ಲಿ ಈಗಾಗಲೇ ಇದೆ. ಗೂಡಿನಲ್ಲಿ ಕೂತ ಹಕ್ಕಿಗಾದರೆ 2024ರ ನವೆಂಬರ್‌ನಲ್ಲಿ ಬಂದ ಡಿಎಕ್ಸ್ ಅಳತೆಯ ಝೆಡ್50-2 ಇದೆ, ಅದರ 20.9 ಮೆಗಾಪಿಕ್ಸೆಲ್ ಹೆಚ್ಚುಕಡಿಮೆ ಝೆಡ್8ರ ಕತ್ತರಿಸಿದ ಚಿತ್ರಕ್ಕೆ ಸಮ, ಹಕ್ಕಿಯನ್ನು ಗುರುತಿಸಿ ಹಿಂಬಾಲಿಸುವ ಫೋಕಸ್ ಕೂಡ ಇದೆ, ಬೆಲೆ ಝೆಡ್8ರ ಮೂರನೇ ಒಂದು ಪಾಲಿಗಿಂತ ಕಡಿಮೆ. ಬಾಡಿಯೊಳಗೆ ಕೈನಡುಕ ತಡೆಯುವ ಸ್ಟೆಬಿಲೈಸೇಶನ್ ಇಲ್ಲ, ಆದರೆ 180-600 ಮಿ.ಮೀ. ಲೆನ್ಸ್ ಅದೇ ಕೆಲಸದ ತನ್ನದೇ ವಿಆರ್ ತರುತ್ತದೆ. ಹಕ್ಕಿಗಳವರು 2016ರ ಡಿಎಕ್ಸ್ ಕ್ಯಾಮೆರಾ ಡಿ500ಗೆ ತಕ್ಕ ಉತ್ತರಾಧಿಕಾರಿಯನ್ನು ಕೇಳುತ್ತಲೇ ಇದ್ದಾರೆ. ಫುಲ್‌ಫ್ರೇಮ್‌ನ ಲೆಕ್ಕಕ್ಕೆ ಬಾರದಿದ್ದರೂ, ನನ್ನ ದೃಷ್ಟಿಯಲ್ಲಿ ಝೆಡ್7-3ಕ್ಕಿಂತ ಮೊದಲು ತುಂಬಬೇಕಾದ ಜಾಗ ಅದು.

ಫುಲ್‌ಫ್ರೇಮ್ ಬಾಡಿಗಳಲ್ಲಿ ನಿಜವಾಗಿ ಖಾಲಿ ಇರುವುದು ಹಗುರದ ತುದಿ. ಕ್ಯಾನನ್ ಆರ್8 ಬ್ಯಾಟರಿ, ಕಾರ್ಡು ಸೇರಿ 461 ಗ್ರಾಂ. ಝೆಡ್5-2 ಅದೇ ಲೆಕ್ಕದಲ್ಲಿ ಸುಮಾರು 700 ಗ್ರಾಂ ತೂಗುತ್ತದೆ. ಕೊಡಚಾದ್ರಿ ಹತ್ತುವವರಿಗೆ ಈ ವ್ಯತ್ಯಾಸ ಹೆಗಲಿಗೆ ತಿಳಿಯುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಝೆಡ್‌ಆರ್ ಚಿಕ್ಕದೇನೋ ಹೌದು, ಆದರೆ ಅದು ಸಿನಿಮಾದವರಿಗಾಗಿ ಮಾಡಿದ್ದು, ವ್ಯೂಫೈಂಡರ್ ಇಲ್ಲ. ಬಿಸಿಲಲ್ಲಿ ಫೋಟೊ ತೆಗೆಯುವವರಿಗೆ ಅದು ಉತ್ತರವಾಗದು.

ಲೆನ್ಸ್‌ಗಳಲ್ಲೂ ಮಲೆನಾಡಿನವರಿಗೆ ತಟ್ಟುವ ಖಾಲಿ ಜಾಗಗಳಿವೆ. ಝೆಡ್ ಸಾಲಿನ ಅತಿ ಉದ್ದದ ಮ್ಯಾಕ್ರೊ (ಚಿಕ್ಕ ವಸ್ತುಗಳನ್ನು ಹತ್ತಿರದಿಂದ ತೆಗೆಯುವ ಲೆನ್ಸ್) 105 ಮಿ.ಮೀ.ನದು, ವಸ್ತು ಅದರ ನಿಜ ಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡಬೇಕಾದರೆ ಅದು ಸೆನ್ಸರ್‌ನಿಂದ 29 ಸೆಂ.ಮೀ. ದೂರದಲ್ಲಿರಬೇಕು, ಅಂದರೆ ಲೆನ್ಸ್‌ನ ಮೂತಿಯಿಂದ ವಸ್ತುವಿಗೆ ಒಂದು ಗೇಣೂ ಉಳಿಯುವುದಿಲ್ಲ. ಆಗುಂಬೆಯ ಕಪ್ಪೆಗಳಿಗೆ ಇದು ನಡೆದೀತು, ಗುಳಿಮಂಡಲ ಹಾವಿಗೆ ಅಷ್ಟು ಹತ್ತಿರ ಹೋಗುವುದು ಹಾವಿಗೂ ನಿಮಗೂ ಒಳ್ಳೆಯದಲ್ಲ. ಹಳೆಯ 200 ಮಿ.ಮೀ. ಮ್ಯಾಕ್ರೊ ಅರ್ಧ ಮೀಟರ್ ದೂರದಿಂದಲೇ ಅದೇ ಗಾತ್ರ ಕೊಡುತ್ತಿತ್ತು, ಆದರೆ ಅದೂ ಎಎಫ್-ಡಿ. ಇಕ್ಕೇರಿಯ ಅಘೋರೇಶ್ವರ ದೇವಾಲಯದಂಥ ಕಟ್ಟಡಗಳ ಕಂಬಗಳು ವಾಲದಂತೆ ತೆಗೆಯಲು ಬೇಕಾಗುವ ಪಿಸಿ ಲೆನ್ಸ್ ಝೆಡ್ ಸಾಲಿನಲ್ಲಿಲ್ಲ. ಇದು ಅಷ್ಟಾಗಿ ನೋಯಿಸುವುದಿಲ್ಲ: ಆ ಲೆನ್ಸ್‌ಗಳು ಮೊದಲಿಂದಲೂ ಕೈಯಿಂದ ಫೋಕಸ್ ಮಾಡುವಂಥವು, ಅಡಾಪ್ಟರ್‌ನಿಂದ ಫೋಕಸ್‌ನಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ಹೊಸ ಮಾಡೆಲ್ ಬರುವ ಸುಳಿವುಗಳನ್ನು ಓದುವಾಗ ಒಂದು ವ್ಯತ್ಯಾಸ ನೆನಪಿಡಿ. ವೈಫೈ ಇರುವ ಕ್ಯಾಮೆರಾವನ್ನು ಮಾರುವ ಮೊದಲು ಹಲವು ದೇಶಗಳಲ್ಲಿ ವೈರ್‌ಲೆಸ್ ನೋಂದಣಿ ಮಾಡಿಸಬೇಕಾಗುತ್ತದೆ. ಆ ದಾಖಲೆಗಳಲ್ಲಿ ಹೆಸರಿಲ್ಲದ ಸಂಕೇತ ಸಂಖ್ಯೆಯೊಂದು ಕಾಣಿಸಿದರೆ ಏನೋ ಬರುತ್ತಿದೆ ಎಂಬುದಷ್ಟೇ ನಿಜ. ಅದು ಝೆಡ್7-3 ಎಂಬುದು ಸುದ್ದಿ ಹಬ್ಬಿಸುವವರು ಸೇರಿಸಿದ ಮಾತು. ಇದರ ಜೊತೆಗೆ ಹೊಸ ಬಾಡಿಯ ಕೆಲಸವನ್ನು ಕೆಲವೊಮ್ಮೆ ಫರ್ಮ್‌ವೇರ್ ಮಾಡಿಬಿಡುತ್ತದೆ. ಝೆಡ್9ಗೆ 2022ರಲ್ಲಿ 8ಕೆ 60 ಫ್ರೇಮ್‌ನ ರಾ ವಿಡಿಯೊ, 2023ರಲ್ಲಿ ತಾನಾಗಿಯೇ ಚಿತ್ರ ತೆಗೆಯುವ ಆಟೊ ಕ್ಯಾಪ್ಚರ್ ಬಂದದ್ದು ಹಾಗೆಯೇ.

ಉಳಿದದ್ದು ಕುಂದಾದ್ರಿ, ಜೋಗ. ಟ್ರೈಪಾಡ್ ಮೇಲಿಟ್ಟು ನಿಧಾನವಾಗಿ ತೆಗೆಯುವ ಈ ಚಿತ್ರಗಳಿಗೆ ವೇಗದ ಸೆನ್ಸರ್ ಬೇಕಾಗಿಲ್ಲ. ಕಡಿಮೆ ಐಎಸ್‌ಒದಲ್ಲಿ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆಯ ಅಳತೆ) ತೆಗೆದು ನೆರಳುಗಳನ್ನು ಮೇಲೆತ್ತಿದಾಗ ಝೆಡ್6-3 ತನ್ನ ಹಿಂದಿನ ಪೀಳಿಗೆಗಿಂತ ತುಸು ಹೆಚ್ಚೇ ನಾಯ್ಸ್ (ಚಿತ್ರದ ಕಾಳುಕಾಳಾದ ಒರಟು) ತೋರಿಸುತ್ತದೆ. 64 ಐಎಸ್‌ಒದಿಂದ ಶುರುವಾಗುವ, 705 ಗ್ರಾಂ ತೂಗುವ ಝೆಡ್7-2 ಇಲ್ಲಿ ಇವತ್ತಿಗೂ ಸೊಗಸಾದ ಕ್ಯಾಮೆರಾ. ಮದುವೆಗೆ ಝೆಡ್5-2 ಕೊಂಡು, ಕೈಯಲ್ಲಿ ಹಣ ಉಳಿದರೆ ಒಳ್ಳೆಯ ಸ್ಥಿತಿಯ ಸೆಕೆಂಡ್‌ಹ್ಯಾಂಡ್ ಝೆಡ್7-2 ಒಂದನ್ನು ಹುಡುಕಿ. ಮಲೆನಾಡಿನಲ್ಲೇ ಬಳಸಿದ ಕ್ಯಾಮೆರಾ ಆದರೆ ಕೊಳ್ಳುವ ಮೊದಲು ಮೌಂಟಿನ ಸುತ್ತ ತುಕ್ಕಿದೆಯೇ, ವ್ಯೂಫೈಂಡರ್‌ನ ಒಳಗಾಜಿಗೆ ಬೂಷ್ಟು ಹಿಡಿದಿದೆಯೇ ಎಂಬುದನ್ನು ಟಾರ್ಚ್ ಹಾಕಿ ನೋಡಿ. ಜೊತೆಗೆ ಲೆನ್ಸ್ ಕೊಡುತ್ತಾರಾದರೆ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಬೆಳಕು ಬಿಟ್ಟು, ಅದರೊಳಗೂ ನೋಡಿ.