ಹೆಸರು ಹಿಡಿದು ಕರೆಯುವುದು

ನೋಟ್‌ಪ್ಯಾಡ್‌ನಲ್ಲಿ ವಿಂಡೋಸ್‌ನ ಪುಟ್ಟ ಸ್ಕ್ರಿಪ್ಟ್ ಭಾಷೆ ವಿಬಿಸ್ಕ್ರಿಪ್ಟ್‌ನಲ್ಲಿ ನಾಲ್ಕು ಸಾಲು ಬರೆದರೆ ಸಾಕು, ಎಕ್ಸೆಲ್ ತೆರೆದುಕೊಂಡು ಅಂಕಿಗಳನ್ನು ತುಂಬಿಸಿಕೊಳ್ಳುತ್ತದೆ. ತಮಾಷೆ ಅಂದ್ರೆ, ಆ ಸ್ಕ್ರಿಪ್ಟ್‌ಗೆ ಎಕ್ಸೆಲ್ ಬಗ್ಗೆ ಮೊದಲೇ ಏನೂ ಗೊತ್ತಿರುವುದಿಲ್ಲ. ಹಾಗಿದ್ದರೆ ಎಕ್ಸೆಲ್‌ನ ಮೆಥಡ್‌ಗಳನ್ನು, ಅಂದ್ರೆ ಅದು ಮಾಡಿಕೊಡುವ ಕೆಲಸಗಳನ್ನು, ಕರೆಯುವುದು ಹೇಗೆ?

ಸಿ++ ನಂಥ ಭಾಷೆಯಲ್ಲಿ ಈ ಪ್ರಶ್ನೆಯೇ ಇಲ್ಲ. ಮೆಥಡ್‌ಗಳ ವಿಳಾಸದ ಟೇಬಲ್ಲಿನಲ್ಲಿ ಯಾವುದು ಎಷ್ಟನೇ ಸ್ಥಾನದಲ್ಲಿದೆ ಅಂತ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮೊದಲೇ ನೋಡಿಟ್ಟುಕೊಂಡಿರುತ್ತದೆ, ರನ್ ಆಗುವಾಗ ನೇರ ಅಲ್ಲಿಗೆ ಹಾರುವುದಷ್ಟೇ ಕೆಲಸ. ಸ್ಕ್ರಿಪ್ಟ್‌ಗೆ ಆ ಭಾಗ್ಯವಿಲ್ಲ. ಅದಕ್ಕೇ ಒಂದು ಪ್ರೋಗ್ರಾಮ್ ಇನ್ನೊಂದನ್ನು ಬಳಸಲು ಮೈಕ್ರೋಸಾಫ್ಟ್ ಮಾಡಿದ ಕಾಮ್ (COM) ವ್ಯವಸ್ಥೆಯಲ್ಲಿ ಐಡಿಸ್ಪ್ಯಾಚ್ ಅನ್ನೋ ಇಂಟರ್‌ಫೇಸ್, ಅಂದ್ರೆ ಮೆಥಡ್‌ಗಳ ಒಂದು ಗೊತ್ತಾದ ಗುಂಪು, ಇದೆ. ಅದರ ಸ್ವಂತ ಮೆಥಡ್‌ಗಳು 4, ಅವುಗಳಲ್ಲಿ ನಿಜವಾಗಿ ದುಡಿಯುವುದು 2.

ಮೊದಲನೆಯದು ಗೆಟ್‌ಐಡೀಸ್‌ಆಫ್‌ನೇಮ್ಸ್. 'ವಿಸಿಬಲ್' (ಎಕ್ಸೆಲ್ ಪರದೆಯ ಮೇಲೆ ಕಾಣಬೇಕೋ ಬೇಡವೋ ಅನ್ನೋ ಪ್ರಾಪರ್ಟಿ, ಅಂದ್ರೆ ಗುಣ) ಅನ್ನೋ ಹೆಸರನ್ನು ಅಕ್ಷರಗಳಲ್ಲೇ ಕೊಟ್ಟರೆ ಎಕ್ಸೆಲ್ ಒಂದು ನಂಬರ್ ವಾಪಸ್ ಕೊಡುತ್ತದೆ: 558. ಎರಡನೆಯದು ಇನ್ವೋಕ್. ಆ 558 ಜೊತೆಗೆ ಒಂದು ಗುರುತು ಕಳಿಸಬೇಕು. ಮೆಥಡ್ ಕರೆಯಲು 1, ಪ್ರಾಪರ್ಟಿ ಓದಲು 2, ಬರೆಯಲು 4. ಕಳಿಸುವ ಬೆಲೆಗಳೆಲ್ಲ ವೇರಿಯಂಟ್ ಅನ್ನೋ ಡಬ್ಬಿಯಲ್ಲಿ ಹೋಗುತ್ತವೆ, ಡಬ್ಬಿಯ ಮೇಲೆ ಒಳಗೇನಿದೆ ಅನ್ನೋ ಚೀಟಿ: 3 ಅಂದ್ರೆ ಪೂರ್ಣಾಂಕ, 8 ಅಂದ್ರೆ ಸ್ಟ್ರಿಂಗ್ (ಅಕ್ಷರಗಳ ಸಾಲು), 11 ಅಂದ್ರೆ ಹೌದು-ಇಲ್ಲ. ಈ 11ರಲ್ಲಿ 'ಹೌದು' ಎಂದರೆ ಮೈನಸ್ 1. ಯಾಕಪ್ಪಾ ಅಂತ ಕೇಳಬೇಡಿ, ಹಳೇ ಬೇಸಿಕ್ ಭಾಷೆಯ ಬಳುವಳಿ.

ಇದನ್ನೆಲ್ಲ ಸ್ಕ್ರಿಪ್ಟ್ ಎಂಜಿನ್ ನಮ್ಮ ಬೆನ್ನ ಹಿಂದೆ ಮಾಡಿಬಿಡುತ್ತದೆ. ನಾನೊಮ್ಮೆ ಸಿ++ ನಲ್ಲಿ ಕೈಯಾರೆ ಮಾಡಲು ಹೋಗಿ ಅರ್ಧ ದಿನ ಕಳೆದೆ. ಆರ್ಗ್ಯುಮೆಂಟ್‌ಗಳನ್ನು (ಮೆಥಡ್‌ಗೆ ಕಳಿಸುವ ಬೆಲೆಗಳನ್ನು) ತಿರುಗಾಮುರುಗಾ ಜೋಡಿಸಬೇಕು, ಕೊನೆಯದು ಮೊದಲು! ನಾನು ಸರಿಯಾದ ಕ್ರಮದಲ್ಲೇ ಕೊಟ್ಟಿದ್ದೆ, ಎರಡೂ ಸ್ಟ್ರಿಂಗೇ ಆಗಿದ್ದರಿಂದ ಎರರ್ ಕೂಡ ಬರಲಿಲ್ಲ, ಸುಮ್ನೆ ತಪ್ಪು ಉತ್ತರ ಬರುತ್ತಿತ್ತು.

ಹೀಗೆ ರನ್ ಆಗುವಾಗ ಹೆಸರು ಹುಡುಕುವುದಕ್ಕೆ ಲೇಟ್ ಬೈಂಡಿಂಗ್ ಅಂತಾರೆ. ಕೋಡಿನಲ್ಲಿ ಯಾವ ಆವೃತ್ತಿಯ ಎಕ್ಸೆಲ್ ಅಂತ ಕಟ್ಟಿಹಾಕಬೇಕಿಲ್ಲ, ನಾವು ಕರೆಯುವ ಹೆಸರುಗಳು ಅಲ್ಲಿದ್ದರೆ ಸಾಕು. ಆದರೆ 'ವಿಸಿಬಲ್' ಸ್ಪೆಲ್ಲಿಂಗ್ ತಪ್ಪಿದರೆ ಮೊದಲೇ ಎಚ್ಚರಿಸುವವರು ಯಾರೂ ಇಲ್ಲ. ದೊಡ್ಡಕ್ಷರ-ಚಿಕ್ಕಕ್ಷರ ಅದಲುಬದಲಾದರೆ ನಡೆಯುತ್ತದೆ, ಅಕ್ಷರವೇ ಬಿಟ್ಟುಹೋದರೆ ಸ್ಕ್ರಿಪ್ಟ್ ಆ ಸಾಲಿನವರೆಗೂ ಆರಾಮಾಗಿ ಓಡಿ, ಅಲ್ಲಿ ಎರರ್ 438 (ಇಂಥ ಪ್ರಾಪರ್ಟಿಯೂ ಇಲ್ಲ, ಮೆಥಡ್ಡೂ ಇಲ್ಲ) ಹೇಳಿ ಮಲಗುತ್ತದೆ. ಆ ಸಾಲು ಕೊನೆಯದಾಗಿದ್ದರೆ ಅಷ್ಟೊತ್ತು ಮಾಡಿದ ಕೆಲಸವೆಲ್ಲ ಅರ್ಧಂಬರ್ಧ.

ನಿಧಾನ ಅನ್ನೋ ದೂರೂ ಇದೆ, ನಿಜವೇ. ಆದರೆ ಹೆಸರು ಹುಡುಕುವುದಕ್ಕಿಂತ ಜಾಸ್ತಿ ಸಮಯ ತಿನ್ನುವುದು ಬೇರೆಯದೇ. ಎಕ್ಸೆಲ್ ಬೇರೆ ಪ್ರೊಸೆಸ್‌ನಲ್ಲಿ, ಅಂದ್ರೆ ಸ್ಕ್ರಿಪ್ಟ್‌ನಿಂದ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಮ್ ಆಗಿ, ಇರುತ್ತದೆ ಅಲ್ವಾ, ಪ್ರತಿ ಕರೆಯೂ ಆ ಗಡಿ ದಾಟಿ ಹೋಗಿ ಬರಬೇಕು. ಹತ್ತು ಸಾವಿರ ಸೆಲ್‌ಗಳಿಗೆ ಲೂಪ್ ಹಾಕಿದರೆ ಹತ್ತು ಸಾವಿರ ಸಲ. ಅದರ ಬದಲು ಎಲ್ಲವನ್ನೂ ಒಂದು ಅರೇಯಲ್ಲಿ (ಬೆಲೆಗಳ ಕೋಷ್ಟಕದಲ್ಲಿ) ತುಂಬಿ ರೇಂಜ್‌ನ, ಅಂದ್ರೆ ಆ ಸೆಲ್‌ಗಳ ಗುಂಪಿನ, 'ವ್ಯಾಲ್ಯೂ' ಪ್ರಾಪರ್ಟಿಗೆ ಒಂದೇ ಸಲ ಕೊಟ್ಟುಬಿಡಿ. ಲೇಟ್ ಬೈಂಡಿಂಗ್ ಹಾಗೇ ಇರುತ್ತದೆ, ಕಾಯುವುದು ಮಾತ್ರ ತಪ್ಪುತ್ತದೆ.