ಬಡಾವಣೆಯ ಚರ್ಚಿಗೆ ಎಷ್ಟು ವಯಸ್ಸು? ಕಲಬುರಗಿಯಲ್ಲಿ ಧರ್ಮಕೇಂದ್ರದ ಇತಿಹಾಸ ಓದುವವರಿಗೆ ಟಿಪ್ಪಣಿ

ಸ್ಥಳೀಯ ಇತಿಹಾಸದ ಪ್ರಾಜೆಕ್ಟ್ ಮಾಡುತ್ತಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಲಬುರಗಿ ಈಗ ಸೇಡಂ ರಸ್ತೆ, ಜೇವರ್ಗಿ ರಸ್ತೆ, ಹುಮನಾಬಾದ್ ರಸ್ತೆಗುಂಟ ಬೆಳೆಯುತ್ತಲೇ ಇದೆ. ಹೊರವಲಯದ ಒಂದು ಕ್ಯಾಥೊಲಿಕ್ ಚರ್ಚನ್ನು ವಿಷಯವಾಗಿ ತೆಗೆದುಕೊಂಡರೆ ಮೊದಲ ಪ್ರಶ್ನೆ, ಇದು ಯಾವಾಗ ಶುರುವಾಯಿತು ಅನ್ನೋದು. ನಾವು ಬಾಗಿಲ ಪಕ್ಕದ ಕಲ್ಲು ನೋಡಿ ಇಸವಿ ಬರೆದುಕೊಂಡು ಬಂದುಬಿಡುತ್ತೇವೆ. ಅದರಿಂದ ಕಟ್ಟಡದ ವಯಸ್ಸು ಗೊತ್ತಾಗುತ್ತದೆ, ಅಷ್ಟೇ. ಧರ್ಮಕೇಂದ್ರದ (ಪ್ಯಾರಿಷ್) ವಯಸ್ಸು ಬೇರೆಯೇ ಇರಬಹುದು.

ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆ ಇಲ್ಲಿ ತುಂಬಾ ಸ್ಪಷ್ಟವಾಗಿದೆ. ಧರ್ಮಕೇಂದ್ರ ಅಂದರೆ ಒಬ್ಬ ಗುರುಗಳ (ಪಾದ್ರಿ) ಪಾಲನೆಗೆ ಒಪ್ಪಿಸಿದ ವಿಶ್ವಾಸಿಗಳ ಸಮುದಾಯ. ಸಾಮಾನ್ಯವಾಗಿ ಅದಕ್ಕೊಂದು ಗಡಿ ಇರುತ್ತದೆ. ಅದನ್ನು ಆದೇಶ ಹೊರಡಿಸಿ ಸ್ಥಾಪಿಸುವ ಅಧಿಕಾರ ಧರ್ಮಾಧ್ಯಕ್ಷರಿಗೆ (ಬಿಷಪ್) ಮಾತ್ರ. ಅವರೂ ಗುರುಗಳ ಮಂಡಳಿಯ ಅಭಿಪ್ರಾಯ ಕೇಳಲೇಬೇಕು (ವಿಧಿ 515). ಒಮ್ಮೆ ಸ್ಥಾಪನೆಯಾದರೆ ಧರ್ಮಸಭೆಯ ಕಾನೂನಿನ ಕಣ್ಣಲ್ಲಿ ಅದೊಂದು ಸ್ವತಂತ್ರ ಸಂಸ್ಥೆ. ಗುರುಗಳು ವರ್ಗವಾಗಿ ಹೋದರೂ ಅದು ಉಳಿಯುತ್ತದೆ. ಚರ್ಚ್ ಕಟ್ಟಲಿಕ್ಕೂ ಧರ್ಮಾಧ್ಯಕ್ಷರ ಲಿಖಿತ ಒಪ್ಪಿಗೆ ಬೇಕು, ಆದರೆ ಅದು ಬೇರೆ ಕಾಗದ.

ಹೊಸ ಬಡಾವಣೆಗಳಲ್ಲಿ ಧರ್ಮಕೇಂದ್ರ ಸ್ಥಾಪಿಸುವ ಈ ಆದೇಶ ಬರುವ ಮುಂಚೆಯೇ ಸಾಕಷ್ಟು ನಡೆದಿರುತ್ತದೆ. ನಾಲ್ಕು ಕುಟುಂಬ ಸೇರಿ ಯಾರದೋ ಮನೆಯಲ್ಲಿ ಜಪಸರ (ರೋಸರಿ) ಹೇಳುತ್ತಾರೆ. ಹಳೆಯ ಧರ್ಮಕೇಂದ್ರದ ಗುರುಗಳು ಭಾನುವಾರ ಬಂದು ಶಾಲೆಯ ಹಾಲ್‌ನಲ್ಲಿ ಬಲಿಪೂಜೆ (ಮಾಸ್) ಅರ್ಪಿಸುತ್ತಾರೆ. ಆಗ ಅದು ಉಪಕೇಂದ್ರ. ಆಮೇಲೆ ಜಾಗ, ಅಡಿಗಲ್ಲು, ಆಶೀರ್ವಾದ. ಆದೇಶ ಇವೆಲ್ಲಕ್ಕಿಂತ ಮೊದಲೂ ಬರಬಹುದು, ಕೊನೆಗೂ ಬರಬಹುದು. ಹಾಗಾಗಿ ನಿಮ್ಮ ನೋಟ್‌ಬುಕ್‌ನಲ್ಲಿ ‘ಸ್ಥಾಪನೆ’ ಅಂತ ಒಂದೇ ಇಸವಿ ಬರೆಯಬೇಡಿ. ಮೊದಲ ಬಲಿಪೂಜೆ, ಅಡಿಗಲ್ಲು, ಕಟ್ಟಡದ ಆಶೀರ್ವಾದ, ಧರ್ಮಾಧ್ಯಕ್ಷರ ಆದೇಶ, ಈ ನಾಲ್ಕನ್ನೂ ಬೇರೆ ಬೇರೆ ಬರೆದುಕೊಳ್ಳಿ. ನನಗೆ ಕೇಳಿದರೆ ಇವುಗಳಲ್ಲಿ ಮೊದಲ ಬಲಿಪೂಜೆಯೇ ನಿಜವಾದ ಆರಂಭ. ಅದನ್ನು ನೆನಪಿಟ್ಟುಕೊಂಡವರು ಇರುವಾಗಲೇ ಕೇಳಿ ಬರೆದಿಡಬೇಕು.

ಮೇಲಿನ ಹಂತದ ಇತಿಹಾಸವೂ ಸ್ವಲ್ಪ ಗೊತ್ತಿರಲಿ. ಗುಲ್ಬರ್ಗ ಧರ್ಮಪ್ರಾಂತ್ಯ, ಅಂದರೆ ಒಬ್ಬ ಧರ್ಮಾಧ್ಯಕ್ಷರ ಆಡಳಿತದ ಪ್ರದೇಶ, ಸ್ಥಾಪನೆಯಾಗಿದ್ದು 2005ರ ಜೂನ್ 24ರಂದು, ಪೋಪ್ ಹದಿನಾರನೇ ಬೆನೆಡಿಕ್ಟ್ ಅವರ ಕಾಲದಲ್ಲಿ. ಮೊದಲ ಧರ್ಮಾಧ್ಯಕ್ಷರು ರಾಬರ್ಟ್ ಮೈಕೆಲ್ ಮಿರಾಂದ. ಆಗ ಯಾದಗಿರಿ ಇನ್ನೂ ಗುಲ್ಬರ್ಗ ಜಿಲ್ಲೆಯೊಳಗೇ ಇತ್ತು. ಊರಿನ ಹೆಸರು ಕಲಬುರಗಿ ಅಂತ ಅಧಿಕೃತವಾಗಿದ್ದು 2014ರಲ್ಲಿ. ಧರ್ಮಪ್ರಾಂತ್ಯವೇ 2005ರದ್ದಾದ್ದರಿಂದ ಅದಕ್ಕಿಂತ ಹಳೆಯ ಪತ್ರ ಹುಡುಕುವವರು ಇಲ್ಲಿಯ ಕಚೇರಿ ಒಂದನ್ನೇ ನೆಚ್ಚಿಕೊಳ್ಳಬೇಡಿ. ಅವು ಬೇರೆ ಧರ್ಮಪ್ರಾಂತ್ಯದ ಕಪಾಟಿನಲ್ಲಿ ಇರಬಹುದು. 1956ರವರೆಗೆ ಈ ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು ಅನ್ನೋದನ್ನೂ ಮರೆಯಬೇಡಿ. ಬೀದರಿನ ಹಳೆಯ ಮೆಥೋಡಿಸ್ಟ್ ಮಿಷನ್‌ನ ಕಥೆಯನ್ನು ಇದರ ಜೊತೆ ಕಲಸಬೇಡಿ. ಅದು ಪ್ರಾಟೆಸ್ಟೆಂಟ್ ಪರಂಪರೆ, ಅದರ ಆಡಳಿತ, ದಾಖಲೆ ಎಲ್ಲವೂ ಬೇರೆ.

ಈಗ ನನಗೆ ಅತಿ ಇಷ್ಟವಾದ ಆಕರಕ್ಕೆ ಬರೋಣ, ಜ್ಞಾನಸ್ನಾನದ (ಬ್ಯಾಪ್ಟಿಸಂ) ರಿಜಿಸ್ಟರ್. ಇಂಥ ಪುಸ್ತಕ ಇಡಬೇಕು ಅಂತ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ 1563ರಲ್ಲೇ ಹೇಳಿತ್ತು. ಈಗಿನ ಸಂಹಿತೆಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳು ಇರಲೇಬೇಕು (ವಿಧಿ 535). ಒಂದು ಸಾಲು ನೋಡಿ. ಮಗುವಿನ ಹೆಸರು, ಹುಟ್ಟಿದ ದಿನ ಮತ್ತು ಊರು, ಜ್ಞಾನಸ್ನಾನ ಆದ ದಿನ ಮತ್ತು ಸ್ಥಳ, ತಂದೆ ತಾಯಿ, ಜ್ಞಾನಪೋಷಕರು (ಗಾಡ್‌ಪೇರೆಂಟ್ಸ್), ಜ್ಞಾನಸ್ನಾನ ಕೊಟ್ಟ ಗುರುಗಳು. ಮನೆತನದ ಹೆಸರು, ಹುಟ್ಟಿದ ಊರು ನೋಡಿದರೆ ಆ ಬಡಾವಣೆಗೆ ಯಾರು ಎಲ್ಲಿಂದ ಬಂದರು ಅನ್ನೋ ಸುಳಿವು ಸಿಗುತ್ತದೆ. ಮಂಗಳೂರಿನ ಕೊಂಕಣಿಯವರೋ, ಕೇರಳದವರೋ, ತೆಲುಗು ಮಾತಾಡುವವರೋ, ಇಲ್ಲಿಯ ಹಳ್ಳಿಯವರೋ?

ಇನ್ನು ಸಾಲಿನ ಅಂಚಿನಲ್ಲಿರುವ ಸಣ್ಣ ಬರಹ ಬಿಡಬೇಡಿ. ಆ ಮಗು ದೊಡ್ಡದಾಗಿ ಬೇರೆ ಊರಲ್ಲಿ ಮದುವೆಯಾದರೂ ಆ ಸುದ್ದಿ ಜ್ಞಾನಸ್ನಾನ ಆದ ಚರ್ಚಿಗೆ ಬರಬೇಕು, ಅದನ್ನು ಇಲ್ಲಿ ಬರೆಯಬೇಕು (ವಿಧಿ 1122). ವಲಸೆಯ ಇತಿಹಾಸ ಓದುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗೋದು ಕಷ್ಟ. ಆದರೆ ಇವು ಜನರ ಖಾಸಗಿ ವಿವರ. ಗುರುಗಳ ಅನುಮತಿ ಇಲ್ಲದೆ ಮುಟ್ಟಬೇಡಿ, ಫೋಟೊ ತೆಗೆಯಬೇಡಿ, ಪ್ರಾಜೆಕ್ಟ್‌ನಲ್ಲಿ ಹೆಸರು ಹಾಕಬೇಡಿ.

ರಿಜಿಸ್ಟರ್‌ನಲ್ಲಿ ಸಿಗದ್ದನ್ನು ಹಿರಿಯರ ಹತ್ತಿರ ಕೇಳಬೇಕು. ಗುರುಗಳು ಬರದ ವಾರ ಪ್ರಾರ್ಥನೆ ಯಾರು ನಡೆಸುತ್ತಿದ್ದರು? ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವರು ಯಾರು? ಪೂಜೆ ಯಾವ ಭಾಷೆಯಲ್ಲಿ ಆಗಬೇಕು ಅಂತ ಹೇಗೆ ತೀರ್ಮಾನಿಸಿದರು? ಯಾರಾದರೂ ತೀರಿಕೊಂಡರೆ ಎಲ್ಲಿಗೆ ಒಯ್ಯುತ್ತಿದ್ದರು? ಈ ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಚರ್ಚಿಗೆ ಜಾಗ ಸಿಕ್ಕಿದರೂ ಸಮಾಧಿಗೆ ಜಾಗ ಸಿಗದ ಬಡಾವಣೆ ಇರಬಹುದು. ಹಾಗಿದ್ದರೆ ಊರೊಳಗಿನ ಹಳೆಯ ಧರ್ಮಕೇಂದ್ರದ ಜೊತೆ ಅವರ ನಂಟು ಎಷ್ಟು ದಿನ ಉಳಿಯಿತು ಅನ್ನೋದು ಆ ಉತ್ತರದಲ್ಲೇ ಸಿಗುತ್ತದೆ.