ಲೆಕ್ಕ ಬಾರದವರಿಗೆ ಸೈಕಾಲಜಿಯೇ?

ಪ್ರಶ್ನೆ: "ನಾವು ಸನ್ನಿವೇಲ್‌ನಲ್ಲಿದ್ದೇವೆ. ಮಗಳದು ಹೈಸ್ಕೂಲಿನ ಕೊನೆಯ ವರ್ಷ. ಲೆಕ್ಕ ಅವಳಿಗೆ ಒಗ್ಗುವುದಿಲ್ಲ, ಕಂಪ್ಯೂಟರ್ ಸೈನ್ಸ್ ಬೇಡವೇ ಬೇಡ ಎನ್ನುತ್ತಾಳೆ. ಅದಕ್ಕೇ ಕಮ್ಯುನಿಟಿ ಕಾಲೇಜಿನಲ್ಲಿ ಸೈಕಾಲಜಿ ಓದಲಿ ಎಂದುಕೊಂಡಿದ್ದೇವೆ. ಅಲ್ಲಿಂದ ಯುಸಿಗೆ ಹೋಗಬಹುದೇ? ಕೌನ್ಸೆಲರ್ ಆಗಲು ಎಷ್ಟು ವರ್ಷ ಬೇಕು?"

ಉತ್ತರ: ಹೋಗಬಹುದು. ಪ್ರತಿ ವರ್ಷ ಸಾವಿರಾರು ಮಕ್ಕಳು ಕಮ್ಯುನಿಟಿ ಕಾಲೇಜಿನಲ್ಲಿ ಮೊದಲ ಎರಡು ವರ್ಷ ಓದಿ ಯುಸಿಗೆ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ, ಹೋಗುತ್ತಾರೆ. ಕೌನ್ಸೆಲರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಆದರೆ ಪತ್ರದ ಮೂರನೆಯ ವಾಕ್ಯದಿಂದ ನಾಲ್ಕನೆಯದಕ್ಕೆ ಒಂದು ಜಿಗಿತ ಜಿಗಿದಿದ್ದೀರಲ್ಲ, ಅದನ್ನು ನಾನು ಎಲ್ಲೆಲ್ಲಿ ಕಂಡಿಲ್ಲ ಹೇಳಿ! ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ, ದೇವಸ್ಥಾನದ ಪಾರ್ಕಿಂಗ್‌ನಲ್ಲಿ, ಊರಿನಿಂದ ಬರುವ ವಾಟ್ಸಾಪ್ ಸಂದೇಶಗಳಲ್ಲಿ ಒಂದೇ ಮಾತು: ಲೆಕ್ಕ ಬರುವುದಿಲ್ಲ, ಹಾಗಾಗಿ ಸೈಕಾಲಜಿ. ಇದೇ ಸಿಲಿಕಾನ್ ಕಣಿವೆಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಸೈಕಾಲಜಿ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವುದು ನನ್ನ ಹೊಟ್ಟೆಪಾಡು. ಈ ಮಾತು ಕೇಳಿದಾಗ ನನಗೆ ಹೇಗಾಗುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಬೇಗ ಮುಗಿಯುವ ಭಾಗ ಮೊದಲು. ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಕೋರ್ಸುಗಳನ್ನು ಅಳೆಯುವುದು ಯೂನಿಟ್ ಲೆಕ್ಕದಲ್ಲಿ; ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. 2012ರಿಂದ ಈ ದರ ಏರಿಲ್ಲ. ಎರಡು ವರ್ಷದ 60 ಯೂನಿಟ್‌ಗೆ 2,760 ಡಾಲರ್ ಆಯಿತು. ಯುಸಿಯಲ್ಲಿ ಒಂದೇ ವರ್ಷದ ಬೋಧನಾ ಶುಲ್ಕ ಹದಿನಾಲ್ಕು ಸಾವಿರ ದಾಟುತ್ತದೆ. ನಿಮಗೆ ಹತ್ತಿರದ ಡಿ ಆಂಜಾ, ಫುಟ್‌ಹಿಲ್ ಕಾಲೇಜುಗಳು ಕ್ವಾರ್ಟರ್ (ಸೆಮಿಸ್ಟರಿಗಿಂತ ಚಿಕ್ಕ ಅವಧಿ) ಪದ್ಧತಿಯವು. ಅಲ್ಲಿ ಯೂನಿಟ್‌ಗೆ 31 ಡಾಲರ್, ಬೇಕಾದದ್ದು 90 ಯೂನಿಟ್. ಕೊನೆಯ ಮೊತ್ತ ಹೆಚ್ಚುಕಡಿಮೆ ಅಷ್ಟೇ. ಎಚ್-4 ವೀಸಾದವರು, ಅಂದರೆ ಎಚ್-1ಬಿ ನೌಕರರ ಗಂಡ, ಹೆಂಡತಿ, ಮಕ್ಕಳು ಕೂಡ ಇಲ್ಲಿ ಒಂದು ವರ್ಷಕ್ಕೂ ಮೀರಿ ನೆಲೆಸಿರುವುದಕ್ಕೆ ಸರಿಯಾದ ದಾಖಲೆ ತೋರಿಸಿದರೆ ಇದೇ ದರಕ್ಕೆ ಓದಬಹುದು. ಮನೆಯಲ್ಲಿ ಕುಳಿತು ಬೇಸತ್ತಿರುವ ಎಷ್ಟೋ ಎಂಜಿನಿಯರ್ ತಾಯಂದಿರಿಗೆ ಇದು ಗೊತ್ತೇ ಇಲ್ಲ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬರುವವರಿಗೆ ಮಾತ್ರ ಈ ದರ ದಕ್ಕುವುದಿಲ್ಲ.

ಟ್ರಾನ್ಸ್‌ಫರ್‌ಗೆಂದೇ ರೂಪಿಸಿದ, ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯೊಂದು 2010ರ ಕಾನೂನಿನಿಂದ ಬಂತು, ಸೈಕಾಲಜಿಯಲ್ಲೂ ಇದೆ. ಅದನ್ನು ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಸೀಟು ಖಾತ್ರಿ. ಕೇಳಿದ ಕ್ಯಾಂಪಸ್ಸೇ ಸಿಗುತ್ತದೆ ಎಂದು ಅರ್ಥವಲ್ಲ. ಯುಸಿಯ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರು ಕಡೆ 'ಟ್ಯಾಗ್' ಎಂಬ ಪ್ರವೇಶ ಖಾತ್ರಿಯಿದೆ. ಷರತ್ತುಗಳು ಕ್ಯಾಂಪಸ್ಸಿಗೆ ಒಂದೊಂದು ತರಹ, ಅರ್ಜಿ ಹಾಕುವ ತಿಂಗಳು ಸೆಪ್ಟೆಂಬರ್. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಆ ಪಟ್ಟಿಯಲ್ಲಿಲ್ಲ. ಅಲ್ಲಿಗೂ ಟ್ರಾನ್ಸ್‌ಫರ್ ಆಗುತ್ತಾರೆ, ಖಾತ್ರಿ ಇಲ್ಲ ಅಷ್ಟೆ. ಯಾವ ಕಾಲೇಜಿನ ಯಾವ ಕೋರ್ಸು ಎಲ್ಲಿ ಸಲ್ಲುತ್ತದೆ ಎಂಬುದು 'ಅಸಿಸ್ಟ್' ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ. ಪರಿಚಯದವರ ಮಗ ಏನು ಮಾಡಿದ ಎಂದು ವಿಚಾರಿಸುವ ಮುಂಚೆ ಅದನ್ನು ತೆರೆಯಿರಿ. ಬಿ.ಎ. ಪ್ರಮಾಣಪತ್ರದ ಮೇಲೆ ಬರುವುದು ನೀವು ಓದು ಮುಗಿಸಿದ ವಿಶ್ವವಿದ್ಯಾಲಯದ ಹೆಸರು.

ಈಗ ಲೆಕ್ಕದ ವಿಷಯ.

ಈ ತಪ್ಪು ಕಲ್ಪನೆಯ ಬೇರು ಎಲ್ಲಿದೆ ಎಂಬುದು ನನಗೆ ಗೊತ್ತು. ನಮ್ಮ ಪಿಯುಸಿಯಲ್ಲಿ ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂಬ ಮೂರು ಬಾಗಿಲು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಯಾರಿಗೆ ಎಷ್ಟು ಬಂತು ಎಂದು ನೋಡಿ ಬಂಧುಬಳಗವೇ ಬಾಗಿಲು ತೋರಿಸುತ್ತಿತ್ತು. ಸೈಕಾಲಜಿ ಇದ್ದದ್ದು ಮೂರನೆಯ ಬಾಗಿಲಿನ ಒಳಗೆ. ಪದವಿಯಲ್ಲೂ ಬೆಂಗಳೂರಿನ ಕಾಲೇಜುಗಳಲ್ಲಿ ಅದಕ್ಕೆ ಜೊತೆಯಾದದ್ದು ಜರ್ನಲಿಸಂ ಮತ್ತು ಇಂಗ್ಲಿಷ್. ಆ ನೆನಪನ್ನೇ ಸೂಟ್‌ಕೇಸಿನಲ್ಲಿಟ್ಟುಕೊಂಡು ಬಂದು ಇಲ್ಲಿ ಬಿಚ್ಚಿದ್ದೀರಿ.

ಇಲ್ಲಿನ ಟ್ರಾನ್ಸ್‌ಫರ್ ಡಿಗ್ರಿಯ ತಿರುಳು ನೋಡಿ. ಮೊದಲನೆಯದು ಸೈಕಾಲಜಿ ಪ್ರವೇಶಿಕೆ. ಎರಡನೆಯದು ಸಂಖ್ಯಾಶಾಸ್ತ್ರ. ಮೂರನೆಯದು ಸಂಶೋಧನಾ ವಿಧಾನ. ಸಂಖ್ಯಾಶಾಸ್ತ್ರ ಪಾಸಾಗದೆ ಸಾಮಾನ್ಯವಾಗಿ ಇದಕ್ಕೆ ಸೇರಿಸಿಕೊಳ್ಳುವುದಿಲ್ಲ. ಆಮೇಲೆ ಮೆದುಳು, ನರಕೋಶ, ಹಾರ್ಮೋನುಗಳ ಜೈವಿಕ ಸೈಕಾಲಜಿ ಅಥವಾ ಜೀವಶಾಸ್ತ್ರ. ಕೆಲವು ಯುಸಿ ಕ್ಯಾಂಪಸ್ಸುಗಳಿಗೆ ಕ್ಯಾಲ್ಕುಲಸ್ ಕೂಡ ಬೇಕು. ಕನಸಿನ ಅರ್ಥ ಹೇಳುವ ಫ್ರಾಯ್ಡ್ ಬರುತ್ತಾನೆ, ಪ್ರವೇಶಿಕೆಯ ಪುಸ್ತಕದಲ್ಲಿ ಕೆಲವು ಪುಟ ಇದ್ದು ಹೋಗುತ್ತಾನೆ.

ಸಂಖ್ಯೆ ಯಾಕೆ ಬೇಕು ಎಂದು ಕೇಳುತ್ತೀರಾ? ಮನೆಯಲ್ಲೇ ಮಾಡಿ ನೋಡಿ. ಹಾಳೆಯ ಮೇಲೆ 'ಕೆಂಪು' ಎಂದು ಹಸಿರು ಸ್ಕೆಚ್ ಪೆನ್ನಿನಲ್ಲಿ ಬರೆಯಿರಿ, 'ನೀಲಿ' ಎಂದು ಕೆಂಪಿನಲ್ಲಿ, 'ಹಳದಿ' ಎಂದು ನೀಲಿಯಲ್ಲಿ. ಹೀಗೆ ಇಪ್ಪತ್ತು ಪದ. ಪದವನ್ನು ಓದಬಾರದು, ಶಾಯಿಯ ಬಣ್ಣವನ್ನಷ್ಟೇ ಹೇಳಬೇಕು. ಊರಿನಿಂದ ಬಂದಿರುವ ಅಜ್ಜಿ "ಕೆಂ... ಅಲ್ಲ, ಹಸಿರು" ಎಂದು ತಡವರಿಸುತ್ತಾರೆ. ಕನ್ನಡ ಮಾತನಾಡಿದರೂ ಓದಲು ಬಾರದ ನಿಮ್ಮ ಮಗಳು ಪಟಪಟನೆ ಹೇಳಿ ಮುಗಿಸುತ್ತಾಳೆ. ಅದೇ ಹಾಳೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ, ಅವಳ ನಾಲಿಗೆಯೂ ತೊಡರುತ್ತದೆ. ಓದು ಒಮ್ಮೆ ರೂಢಿಯಾದ ಮೇಲೆ ಬೇಡವೆಂದರೂ ಓದದಿರಲು ಆಗುವುದಿಲ್ಲ. ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗದ ಮನೆಮಟ್ಟದ ರೂಪ ಇದು.

ಅಜ್ಜಿ ಸೋತರು, ಮೊಮ್ಮಗಳು ಗೆದ್ದಳು, ಸಾಬೀತಾಯಿತು ಎಂದು ಎದ್ದರೆ ನನ್ನ ತರಗತಿಯಲ್ಲಿ ಸೊನ್ನೆ. ಅಜ್ಜಿಗೆ ವಯಸ್ಸಾಗಿದೆ, ಕನ್ನಡಕ ಬದಲಾಯಿಸಬೇಕಾಗಿದೆ. ತಡವಾದದ್ದು ಅದರಿಂದಲೂ ಇರಬಹುದು. ಹಾಗಾಗಿ ಒಬ್ಬೊಬ್ಬರಿಗೂ ಎರಡು ಹಾಳೆ ಕೊಡಬೇಕು: ಒಂದರಲ್ಲಿ ಬರೀ ಬಣ್ಣದ ಚೌಕಗಳು, ಇನ್ನೊಂದರಲ್ಲಿ ತಾಳೆಯಾಗದ ಪದಗಳು. ಎರಡಕ್ಕೂ ಹಿಡಿದ ಸಮಯದ ವ್ಯತ್ಯಾಸವನ್ನು ಬರೆದುಕೊಳ್ಳಬೇಕು. ಆಗ ಅಜ್ಜಿಯನ್ನು ಹೋಲಿಸುವುದು ಅಜ್ಜಿಯೊಡನೆಯೇ. ಯಾವ ಹಾಳೆ ಮೊದಲು ಎಂಬುದನ್ನೂ ಅದಲುಬದಲು ಮಾಡಬೇಕು, ಇಲ್ಲದಿದ್ದರೆ ಎರಡನೆಯ ಸಲಕ್ಕೆ ಅಭ್ಯಾಸವಾಗಿಯೋ ಆಯಾಸವಾಗಿಯೋ ಫಲಿತಾಂಶ ಕೆಡುತ್ತದೆ. ಇಷ್ಟು ಹೊತ್ತಿಗೆ ಇನ್ನೂ ಒಂದು ಸೂತ್ರವೂ ಬಂದಿಲ್ಲ, ಗಮನಿಸಿ. ಅರ್ಧ ಸಂಖ್ಯಾಶಾಸ್ತ್ರ ಇದೇ.

ಉಳಿದರ್ಧ ಹೀಗೆ. ಒಂಬತ್ತು ಜನರನ್ನು ಪರೀಕ್ಷಿಸಿದ್ದೀರಿ, ತಾಳೆಯಾಗದ ಪದಗಳಿಗೆ ಸರಾಸರಿ ಆರು ಸೆಕೆಂಡ್ ಹೆಚ್ಚು ಹಿಡಿಯಿತು ಎಂದಿಟ್ಟುಕೊಳ್ಳಿ. ಇದು ನಿಜವಾದ ಪರಿಣಾಮವೋ ಆ ದಿನದ ಆಕಸ್ಮಿಕವೋ? ಬರೀ ಸರಾಸರಿ ನೋಡಿ ಹೇಳಲಾಗದು. ಆ ಒಂಬತ್ತು ವ್ಯತ್ಯಾಸಗಳು ಒಂದಕ್ಕೊಂದು ಎಷ್ಟು ಚದುರಿವೆ ಎಂದು ನೋಡಬೇಕು. ಚದುರುವಿಕೆಯ ಅಳತೆ, ಅಂದರೆ ಮಾನಕ ವಿಚಲನೆ, 3 ಸೆಕೆಂಡ್ ಆಗಿದ್ದರೆ ಅದನ್ನು ಒಂಬತ್ತರ ವರ್ಗಮೂಲದಿಂದ ಭಾಗಿಸಿ: 1. ಆರನ್ನು ಒಂದರಿಂದ ಭಾಗಿಸಿದರೆ 6. ವಿಚಲನೆ 12 ಸೆಕೆಂಡ್ ಆಗಿದ್ದರೆ ಭಾಜಕ 4, ಉತ್ತರ 1.5. ಒಂಬತ್ತು ಜನರ ಪ್ರಯೋಗದಲ್ಲಿ ಆಕಸ್ಮಿಕವಲ್ಲ ಎನ್ನಲು ಸಾಮಾನ್ಯವಾಗಿ ದಾಟಬೇಕಾದ ಗೆರೆ ಸುಮಾರು 2.3. ಸರಾಸರಿ ಎರಡು ಕಡೆಯೂ ಅದೇ ಆರು ಸೆಕೆಂಡ್. ಮೊದಲನೆಯದನ್ನು ನಂಬಬಹುದು, ಎರಡನೆಯದಕ್ಕೆ ಇನ್ನಷ್ಟು ಜನರನ್ನು ಕೂರಿಸಿ ನೋಡಬೇಕು. ಇದನ್ನು ಕೊಟ್ಟವನು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್. 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ. ಕೂಡುವುದು, ಕಳೆಯುವುದು, ಭಾಗಿಸುವುದು, ಒಂದು ವರ್ಗಮೂಲ. ಏಳನೆಯ ತರಗತಿಯ ಲೆಕ್ಕಕ್ಕಿಂತ ಕಷ್ಟವಾದದ್ದು ಇಲ್ಲಿ ಏನಿದೆ? ಕಷ್ಟವಿರುವುದು ಉತ್ತರ ಬಂದ ಮೇಲೆ ಏನು ಹೇಳಬಹುದು, ಏನು ಹೇಳಬಾರದು ಎಂಬಲ್ಲಿ.

ಸೈಕಾಲಜಿಗೆ ಸಂಖ್ಯೆ ಯಾರೋ ಹೊರಗಿನಿಂದ ತಂದು ಅಂಟಿಸಿದ್ದೂ ಅಲ್ಲ. ಗುಸ್ತಾವ್ ಫೆಕ್ನರ್ 1860ರಲ್ಲೇ ಸಂವೇದನೆಯ ತೀವ್ರತೆಗೆ ಲಾಗರಿದಮ್ ಹಚ್ಚಿದ. 1879ರಲ್ಲಿ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದ. ಅವನ ಬಳಿ ಓದಿದ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಬುದ್ಧಿಶಕ್ತಿಯ ಅಳತೆಗೆ ಹೊರಟು ಹೊಸ ಗಣಿತವನ್ನೇ ಕಟ್ಟಿದ. ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂದು ಅಳೆಯುವ, ಅವನ ಹೆಸರಿನ ಸಹಸಂಬಂಧ ಗುಣಾಂಕವನ್ನು ಇವತ್ತು ವೈದ್ಯರೂ ಅರ್ಥಶಾಸ್ತ್ರಜ್ಞರೂ ಬಳಸುತ್ತಾರೆ. ಲಂಡನ್ನಿನಲ್ಲಿ ಇದೇ ಸ್ಪಿಯರ್‌ಮನ್ ಕೈಕೆಳಗೆ ಓದಿ ಮೈಸೂರಿಗೆ ಮರಳಿದವರು ಎಂ.ವಿ. ಗೋಪಾಲಸ್ವಾಮಿ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದವರು ಅವರೇ. 1935ರಲ್ಲಿ ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟು 'ಆಕಾಶವಾಣಿ' ಎಂಬ ರೇಡಿಯೊ ಕೇಂದ್ರ ನಡೆಸಿದವರೂ ಅವರೇ. ಕರ್ನಾಟಕದಲ್ಲಿ ಈ ವಿಷಯದ ಮೂಲಪುರುಷರು ಸಂಖ್ಯೆಗೂ ಯಂತ್ರಕ್ಕೂ ಹೆದರಿದವರಲ್ಲ. ಅವರ ನಾಡಿನಿಂದ ಬಂದವರೇ ಸೈಕಾಲಜಿಯನ್ನು ಲೆಕ್ಕ ತಪ್ಪಿಸಿಕೊಳ್ಳುವ ಹಿತ್ತಿಲ ದಾರಿ ಎನ್ನುವುದೆಂದರೆ!

ಲೆಕ್ಕ ಬಲ್ಲವರು ಸಾಲದಾದಾಗ ಏನಾಗುತ್ತದೆ ಎಂಬುದೂ ಕಂಡಿದೆ. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಹೆಸರಾಂತ ಸೈಕಾಲಜಿ ಪತ್ರಿಕೆಗಳ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ ನೂರಕ್ಕೆ 97 'ಗೆರೆ ದಾಟಿದ' ಫಲಿತಾಂಶಗಳಿದ್ದವು. ಮರುಪ್ರಯೋಗದಲ್ಲಿ ದಾಟಿದ್ದು 36. ನಿಮ್ಮ ಮಗಳು ಈ ವಿಷಯಕ್ಕೆ ಬರುವುದಾದರೆ ಇಂಥದ್ದನ್ನು ಓದಿ "ಯಾಕೆ ಹೀಗಾಯಿತು" ಎಂದು ಕೇಳಬಲ್ಲವಳಾಗಿ ಬರಲಿ.

ಇಷ್ಟೆಲ್ಲ ಹೇಳಿದ್ದು ಅವಳನ್ನು ಹೆದರಿಸಿ ಓಡಿಸಲು ಅಲ್ಲ. ಮೊದಲು ಇಲ್ಲಿ ಸಂಖ್ಯಾಶಾಸ್ತ್ರಕ್ಕೆ ತಲುಪುವ ಮುಂಚೆ ಹೈಸ್ಕೂಲು ಮಟ್ಟದ ಬೀಜಗಣಿತದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಬೇಕಿತ್ತು. ಎಷ್ಟೋ ಮಕ್ಕಳು ಅಲ್ಲೇ ಕಾಲೇಜು ಬಿಟ್ಟರು. 2017ರ ಕಾನೂನು ಬಂದ ಮೇಲೆ ಹೆಚ್ಚಿನವರು ನೇರವಾಗಿ ಸಂಖ್ಯಾಶಾಸ್ತ್ರಕ್ಕೇ ಸೇರುತ್ತಾರೆ, ಬೇಕಾದವರಿಗೆ ಜೊತೆಯಲ್ಲೇ ಒಂದು ಬೆಂಬಲದ ತರಗತಿ ಇರುತ್ತದೆ. ಸಂಖ್ಯಾಶಾಸ್ತ್ರಕ್ಕೆ ಕ್ಯಾಲ್ಕುಲಸ್ ಬೇಕಿಲ್ಲ. ನನ್ನ ಅತ್ಯುತ್ತಮ ವಿದ್ಯಾರ್ಥಿಗಳಲ್ಲಿ ಹಲವರು ಬೀಜಗಣಿತದಲ್ಲಿ ಮುಗ್ಗರಿಸಿದವರೇ. ಎಕ್ಸ್ ಎಂದರೆ ಏನೆಂದು ಕೊನೆಗೂ ಅರ್ಥವಾಗದವರು "ಈ ಸಮೀಕ್ಷೆಗೆ ಉತ್ತರ ಕೊಡದವರು ಎಲ್ಲಿ ಹೋದರು, ಮೇಡಂ?" ಎಂದು ಕೇಳಿಬಿಡುತ್ತಾರೆ. ಆ ಪ್ರಶ್ನೆ ಹುಟ್ಟಿದವರಿಗೆ ಸೂತ್ರ ಕಲಿಸುವುದು ನನಗೆ ಬಿಟ್ಟದ್ದು. ಲೆಕ್ಕ ಒಗ್ಗುವುದಿಲ್ಲ ಎಂದು ಮನೆಯಲ್ಲಿ ಹತ್ತು ವರ್ಷ ಕೇಳಿಸಿಕೊಂಡು ಬಂದ ಹುಡುಗಿಗೆ ಆ ಮಾತನ್ನು ಮರೆಸುವುದೇ ಹೆಚ್ಚು ಕೆಲಸ.

ಕೌನ್ಸೆಲರ್ ಆಗಲು: ಎರಡು ವರ್ಷದಲ್ಲಿ ಆಗುವುದಿಲ್ಲ, ನಾಲ್ಕರಲ್ಲೂ ಆಗುವುದಿಲ್ಲ. ಬಿ.ಎ. ಆದ ಮೇಲೆ ಸ್ನಾತಕೋತ್ತರ ಪದವಿ, ಮೇಲ್ವಿಚಾರಣೆಯಲ್ಲಿ 3,000 ಗಂಟೆಗಳ ಕೆಲಸ, ಪರೀಕ್ಷೆ. ಆಗ ಕುಟುಂಬ ಚಿಕಿತ್ಸಕರ ಲೈಸೆನ್ಸ್. ಒಟ್ಟು ಎಂಟು ವರ್ಷ ಎಂದು ಇಟ್ಟುಕೊಳ್ಳಿ. ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಬೇಕಾದರೆ ಡಾಕ್ಟರೇಟ್ ಬೇಕು. ಔಷಧಿ ಬರೆದುಕೊಡುವ ಸೈಕಿಯಾಟ್ರಿಸ್ಟ್ ಓದಿರುವುದು ಎಂ.ಡಿ.; ಆ ದಾರಿಯೇ ಬೇರೆ. ಈ ಕ್ಷೇತ್ರ ತನಗೆ ಹಿಡಿಸುತ್ತದೆಯೇ ಎಂದು ಮೊದಲೇ ತಿಳಿಯಬೇಕಾದರೆ ಹದಿನೆಂಟು ತುಂಬಿದವರು 40 ಗಂಟೆಗಳ ತರಬೇತಿ, ಕೌಶಲ ಮೌಲ್ಯಮಾಪನ ಮತ್ತು ಒಂದು ಪರೀಕ್ಷೆ ಮುಗಿಸಿ, ಆಟಿಸಂ ಇರುವ ಮಕ್ಕಳೊಡನೆ ಕೆಲಸ ಮಾಡುವ ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಷಿಯನ್, ಅಂದರೆ 'ಆರ್‌ಬಿಟಿ' ಆಗಬಹುದು. ಒಂದು ಬೇಸಿಗೆ ಆ ಕೆಲಸ ಮಾಡಿದವರಿಗೆ ನನ್ನ ಉಪನ್ಯಾಸಕ್ಕಿಂತ ಹೆಚ್ಚು ಗೊತ್ತಾಗುತ್ತದೆ.

ಇನ್ನೊಂದು ವಿಷಯ. ನೀವು ಕೇಳಿಲ್ಲ, ಆದರೆ ಕಾಲೇಜು ಶುರುವಾದ ಎರಡನೆಯ ತಿಂಗಳಿಗೆ ಕೇಳುತ್ತೀರಿ: ಅವಳ ಅಂಕ ನಮಗೆ ಎಲ್ಲಿ ಕಾಣುತ್ತದೆ? ಕಾಣುವುದಿಲ್ಲ. 'ಫರ್ಪಾ' ಎಂಬ 1974ರ ಕೇಂದ್ರ ಕಾನೂನಿನ ಪ್ರಕಾರ ಕಾಲೇಜು ಸೇರಿದ ದಿನದಿಂದ ದಾಖಲೆಗಳ ಹಕ್ಕು ವಿದ್ಯಾರ್ಥಿಯದು, ವಯಸ್ಸು ಹದಿನೇಳಾಗಿದ್ದರೂ ಸರಿ. ಫೀಸು ಕಟ್ಟಿದವರು ನೀವು ಎಂಬುದರಿಂದ ಆ ಹಕ್ಕು ನಿಮ್ಮದಾಗುವುದಿಲ್ಲ. ನೀವು ನನಗೆ ಕರೆ ಮಾಡಿ "ಮೇಡಂ, ನಾವೂ ಮೈಸೂರಿನವರೇ, ಹುಡುಗಿ ಕ್ಲಾಸಿಗೆ ಬರುತ್ತಿದ್ದಾಳಾ ಅಷ್ಟು ಹೇಳಿ" ಎಂದರೆ, ಅವಳು ಲಿಖಿತ ಒಪ್ಪಿಗೆ ಕೊಟ್ಟಿರದಿದ್ದರೆ, ಹೇಳಲು ನನಗೆ ಅವಕಾಶವಿಲ್ಲ. ಅವಳ ಪಾಸ್‌ವರ್ಡ್ ಇಟ್ಟುಕೊಂಡು ಪೋರ್ಟಲ್ ತೆರೆಯುವ ಅಪ್ಪಂದಿರನ್ನೂ ಬಲ್ಲೆ. ಸಂಖ್ಯಾಶಾಸ್ತ್ರದ ಮುಂದೆ ಒಂದು 'ಡಬ್ಲ್ಯೂ' ಕಂಡು ಮನೆಯಲ್ಲಿ ರಂಪವಾಗುತ್ತದೆ. ಡಬ್ಲ್ಯೂ ಎಂದರೆ ಗಡುವಿನೊಳಗೆ ಕೋರ್ಸು ಕೈಬಿಟ್ಟಿದ್ದಾಳೆ ಎಂದಷ್ಟೆ. ಅದು ಎಫ್ ಅಲ್ಲ, ಜಿಪಿಎ ಎಂಬ ಒಟ್ಟು ಸರಾಸರಿಗೆ ಸೇರುವುದಿಲ್ಲ, ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಸೇರಬಹುದು. ಹಾಗೆ ಮರಳಿ ಬಂದವರು ನನ್ನ ತರಗತಿಯಲ್ಲಿ ಪ್ರತಿ ಸಲವೂ ಇರುತ್ತಾರೆ, ಬಹುಮಟ್ಟಿಗೆ ಮುಂದಿನ ಸಾಲಿನಲ್ಲೇ ಕೂರುತ್ತಾರೆ.